ಹದಿನಾಲ್ಕು ಹೆಜ್ಜೆಯ ಮನೆ

ಒಳ್ಳೆಯದಾಗಲಿ ಎಂದು ಹೊರಟ ಸಂಸಾರವೊಂದು ಊರು ಬಿಟ್ಟು ಊರಿಗೆ ಹೋಗಿ ಏನು ಮಾಡಿಕೊಂಡಿತು ಎಂಬುದನ್ನು ಹೇಳಬೇಕಾಗಿದೆ. ಯಾರ ತಪ್ಪು ಎಷ್ಟು ಎಂದು ತೂಗುವವನು ಮೇಲಿದ್ದಾನೆ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ನಮ್ಮ ಪಾಲಿನ ಕೆಲಸ ಮುಗಿಯಿತು.

ಆ ಮನೆಯಲ್ಲಿ ಐದು ಜನ. ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದವಳು. ರಕ್ತದ ಕಲೆಗೆ ತಣ್ಣೀರು, ಎಣ್ಣೆ ಮುಲಾಮಿನ ಕಲೆಗೆ ಬಿಸಿನೀರು ಎಂದು ನಿದ್ದೆಗಣ್ಣಲ್ಲೂ ಹೇಳುವವಳು. ಅವಳ ಗಂಡ ದರ್ಜಿ. ಹದಿನಾರರ ಮಗಳನ್ನು ಗುಬ್ಬಿ ಎಂದೂ, ಸದಾ ಅವಳ ಹಿಂದೆಯೇ ಸುತ್ತುವ ಹದಿಮೂರರ ಮಗನನ್ನು ಬಾಲ ಎಂದೂ ಕರೆಯುತ್ತಿದ್ದರು. ಐದನೆಯವಳು ದರ್ಜಿಯ ತಾಯಿ, ಅಜ್ಜಿ. ಅಜ್ಜಿಗೆ ಒಂಬತ್ತು ವರ್ಷದಿಂದ ಎರಡೂ ಕಣ್ಣು ಕಾಣುವುದಿಲ್ಲ.

ಕಾಣದಿದ್ದರೂ ಮನೆಯೊಳಗೆ ಅವಳ ಕೈ ಹಿಡಿಯುವವರು ಬೇಕಿರಲಿಲ್ಲ. ಮಂಚದಿಂದ ಆರು ಹೆಜ್ಜೆಗೆ ಕಿಟಕಿ, ಕಿಟಕಿಯ ಕೆಳಗೆ ಅಜ್ಜನ ಬೆತ್ತದ ಕುರ್ಚಿ. ಒಂಬತ್ತಕ್ಕೆ ಬಲಕ್ಕೆ ತಿರುಗಿದರೆ ಅಡುಗೆಮನೆ. ನೇರ ಹದಿನಾಲ್ಕು ನಡೆದರೆ ಹಿತ್ತಿಲ ಬಾಗಿಲು. ಅದರಾಚೆ ನಲ್ಲಿ, ಒಗೆಯುವ ಕಲ್ಲು, ಗಾಳಿ. ಆ ಲೆಕ್ಕದ ಮೇಲೆ ಅವಳು ಗಂಜಿ ಕಾಯಿಸುತ್ತಿದ್ದಳು, ಆಲೂಗಡ್ಡೆ ಸುಲಿಯುತ್ತಿದ್ದಳು, ಮೊಮ್ಮಕ್ಕಳ ಕಿವಿಯನ್ನೂ ಗುರಿ ತಪ್ಪದೆ ಹಿಂಡುತ್ತಿದ್ದಳು.

ಸೊಸೆಗೆ ದೂರದ ದೊಡ್ಡ ಆಸ್ಪತ್ರೆಯಿಂದ ಕಾಗದ ಬಂದ ದಿನ ಊಟದ ಹೊತ್ತಿಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು.

“ನಲವತ್ತು ಜನ ನನ್ನ ಕೈಕೆಳಗೆ,” ಎಂದಳು ಸೊಸೆ. “ಇರೋಕೆ ಮನೇನೂ ಅವರೇ ಕೊಡ್ತಾರೆ. ಮೊದಲ ಮೂರು ತಿಂಗಳು ನೋಡ್ತಾರೆ, ಆಮೇಲೆ ಕಾಯಂ.”

“ನಂದು ಶಾಲೆ ಕೊನೇ ವರ್ಷ!” ಗುಬ್ಬಿ ತಟ್ಟೆ ತಳ್ಳಿದಳು. “ಇನ್ನೊಂದು ವರ್ಷ ತಡೆಯೋಕಾಗಲ್ವಾ?”

“ಹದಿನೆಂಟು ವರ್ಷ ತಡೆದಿದೀನಿ ಕಣೇ. ಎಷ್ಟು ತಡೀಲಿ?”

“ಅಪ್ಪನ ಅಂಗಡಿ?”

“ಸೂಜಿ ದಾರ ಎಲ್ಲಿಗೆ ಹೋದರೂ ಸೂಜಿ ದಾರಾನೇ,” ಎಂದ ದರ್ಜಿ. ಅವನ ದನಿಯಲ್ಲಿ ದಮ್ಮಿರಲಿಲ್ಲ. ಅವನ ಕಣ್ಣು ತಾಯಿಯ ಮೇಲಿತ್ತು. ತಾಯಿ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದಳು.

“ನೀನೇನು ಹೇಳ್ತೀಯಮ್ಮ?”

“ನಾನೇನು ಹೇಳ್ಲಿ? ಎಲ್ಲರೂ ಹೋಗಿ. ಹೊಟ್ಟೆಪಾಡು ದೊಡ್ಡದು. ನನ್ನನ್ನೂ ಗಂಟು ಕಟ್ಟಿ ಒಯ್ಯಿರಿ.” ಅಜ್ಜಿ ಬಾಯಿ ಒರೆಸಿಕೊಂಡಳು. “ಆದ್ರೆ ಆ ಮನೆ ನಾನು ನೋಡಿಲ್ಲ ಅಲ್ವಾ.”

ಈ ಮನೆಯನ್ನು ಅವಳು ಕಣ್ಣಿದ್ದಾಗ ನೋಡಿದ್ದಳು. ಅವಳ ಕಣ್ಣು ಕೊನೆಯದಾಗಿ ನೋಡಿದ್ದೂ ಇದನ್ನೇ.

ಮಾರನೆಯ ದಿನ ದರ್ಜಿಗೆ ಉಪಾಯ ಹೊಳೆಯಿತು. ಹಳೆಯ ಕೋಟನ್ನು ಬಿಚ್ಚಿ ಹೊಸ ಮೈಗೆ ಕೂರಿಸುವುದರಲ್ಲಿ ಅವನು ಪಳಗಿದ ಕೈ. “ಮನೆ ಏನು ಮಹಾ,” ಎಂದ. ತಾಯಿಯನ್ನು ಮುಂದೆ ನಡೆಸಿ, ಅವಳ ಒಂದೊಂದು ಹೆಜ್ಜೆಗೂ ನೆಲದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಟೇಪು ಹಿಡಿದು, ಇಡೀ ಮನೆಯ ಅಚ್ಚನ್ನು ಕಂದು ಕಾಗದದ ಮೇಲೆ ಕತ್ತರಿಸಿಕೊಂಡ. ಸಾಮಾನಿನ ಲಾರಿಗಿಂತ ಎರಡು ದಿನ ಮೊದಲೇ ಹೊಸ ಊರಿಗೆ ಹೋಗಿ ಆ ಕಾಗದವನ್ನು ಹೊಸ ಮನೆಯ ನೆಲದ ಮೇಲೆ ಹಾಸಿದ. ಮಂಚ ಎಲ್ಲಿ, ಕುರ್ಚಿ ಎಲ್ಲಿ, ಉಪ್ಪಿನ ಡಬ್ಬಿ ಯಾವ ಎತ್ತರದಲ್ಲಿ, ಎಲ್ಲವನ್ನೂ ಗುರುತು ಹಾಕಿದ.

ಹೊಲಿಗೆ ಬಹುಪಾಲು ಕೂತಿತು. ಎರಡು ಕಡೆ ಮಾತ್ರ ಬಟ್ಟೆ ಸಾಲಲಿಲ್ಲ. ಆರನೇ ಹೆಜ್ಜೆಗೆ ಅಲ್ಲಿ ಕಿಟಕಿಯಿರಲಿಲ್ಲ, ಬರೀ ಗೋಡೆ. ಹದಿನಾಲ್ಕನೇ ಹೆಜ್ಜೆಗೆ ಹಿತ್ತಿಲ ಬದಲು ಮೆಟ್ಟಿಲು. ಮನೆ ಮಹಡಿಯ ಮೇಲಿದ್ದುದರಿಂದ ಅಲ್ಲಿಂದ ಹತ್ತೊಂಬತ್ತು ಮೆಟ್ಟಿಲು ಬೀದಿಬಾಗಿಲಿಗೆ ಇಳಿಯುತ್ತಿದ್ದವು. ದರ್ಜಿ ತನ್ನ ಬಟ್ಟೆ ಕತ್ತರಿಸುವ ಭಾರದ ಮೇಜನ್ನು ಮೆಟ್ಟಿಲಿಗೆ ಅಡ್ಡವಾಗಿಟ್ಟ. ಉಳಿದವರು ಮೈ ಓರೆ ಮಾಡಿಕೊಂಡು ಪಕ್ಕದ ಸಂದಿಯಲ್ಲಿ ದಾಟಬೇಕು.

ಅಜ್ಜಿ ಬಂದ ಮೊದಲ ದಿನವೇ ಆ ಮೇಜಿಗೆ ಮಂಡಿ ಹೊಡೆದುಕೊಂಡಳು.

“ಹಿತ್ತಿಲ ಬಾಗಿಲಿಗೆ ಇದನ್ಯಾರೋ ಅಡ್ಡ ಇಟ್ಟಿದ್ದು?”

“ಅದು ಹಿತ್ತಿಲಲ್ಲಮ್ಮ, ಮೆಟ್ಟಿಲು. ಹೇಳಿದ್ನಲ್ಲ?”

“ಹೇಳಿದ್ದೆ, ಹೇಳಿದ್ದೆ,” ಎಂದು ಅಜ್ಜಿ ಮಂಡಿ ತಿಕ್ಕಿಕೊಂಡಳು.

ಎರಡು ವಾರ ಹೋಯಿತು. ಸೊಸೆ ಬೆಳಕು ಹರಿಯುವ ಮೊದಲೇ ಹೊರಡುವಳು, ಸಂಜೆ ಹಬೆಯ ವಾಸನೆ ಹೊತ್ತು ಬರುವಳು. ಒಗೆಯುವ ಯಂತ್ರಗಳ ಆಳೆತ್ತರದ ಉರುಳೆಗಳು ತಿರುಗುವ ಸದ್ದಿನಲ್ಲಿ ಅವಳು ಹೇಳಿದ್ದು ಆ ನಲವತ್ತು ಜನರಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಿದವರೂ ಕೇಳದ ಹಾಗೆ ಇರುತ್ತಿದ್ದರು. “ಹೊಸ ಯಜಮಾನಿ ಬಂದ್ಲು, ಹಾಸಿಗೆ ಹೊದಿಕೆ ಎಲ್ಲ ನೆಟ್ಟಗೆ ಮಲಗ್ರಪ್ಪ,” ಎಂದು ಇಸ್ತ್ರಿ ಯಂತ್ರದ ಹೆಂಗಸೊಬ್ಬಳು ಅಣಕಿಸಿದ್ದನ್ನು ಸೊಸೆ ಮನೆಯಲ್ಲಿ ನಗುತ್ತಲೇ ಹೇಳಿದಳು. ಹೇಳಿ, ಕೈ ಚಾಚಿ ಉಪ್ಪು ತೆಗೆದುಕೊಂಡಳು. ಡಬ್ಬಿ ಅಲ್ಲೇ ಇತ್ತು. ಡಬ್ಬಿಯ ಹಿಂದಿನ ಗೋಡೆ ಬೇರೆ ಬಣ್ಣದ್ದು ಎಂದು ಕಂಡಾಗ ಅವಳ ಕೈ ಒಂದು ಗಳಿಗೆ ಗಾಳಿಯಲ್ಲಿ ನಿಂತಿತು.

ಅದು ಅವಳೊಬ್ಬಳ ಪಾಡಲ್ಲ. ಎಲ್ಲ ಸಾಮಾನೂ ಹಳೆಯ ಜಾಗದಲ್ಲೇ ಇದ್ದುದರಿಂದ ಎಲ್ಲರ ಮೈಯೂ ಹಳೆಯ ಮನೆಯಲ್ಲೇ ಓಡಾಡುತ್ತಿತ್ತು. ಹಳೆಯ ಅಡುಗೆಮನೆಯ ಬಾಗಿಲು ಗಿಡ್ಡ. ಬಾಲ ಇಲ್ಲಿ ಎತ್ತರದ ಬಾಗಿಲಲ್ಲೂ ತಲೆ ತಗ್ಗಿಸಿ ನುಗ್ಗುತ್ತಿದ್ದ. ದರ್ಜಿ ಬೆಳಿಗ್ಗೆ ಎದ್ದವನು ಕಿಟಕಿ ತೆರೆಯಲು ಹೋಗಿ ಗೋಡೆಯ ಮೇಲೆ ಅಂಗೈ ಊರಿ ನಿಂತುಬಿಡುತ್ತಿದ್ದ. ಒಂದು ಬೆಳಿಗ್ಗೆ ಬಾಲ ತಲೆ ತಗ್ಗಿಸಿದ್ದನ್ನು ಅಪ್ಪ, ಅಪ್ಪ ಗೋಡೆ ತಳ್ಳುತ್ತಿದ್ದುದನ್ನು ಬಾಲ, ಒಟ್ಟಿಗೇ ನೋಡಿದರು.

“ಏನಪ್ಪ, ಗೋಡೆ ಬೀಳುತ್ತೆ ಅಂತ ಹಿಡ್ಕೊಂಡಿದೀಯಾ?”

“ನೀನ್ಯಾರಿಗೋ ನಮಸ್ಕಾರ ಮಾಡಿದ್ದು?”

ಇಬ್ಬರೂ ನಕ್ಕರು. ನಗು ಬೇಗ ನಿಂತಿತು.

ಗುಬ್ಬಿಗೆ ಶಾಲೆಯಲ್ಲಿ ಮಾತಾಡುವವರು ಯಾರೂ ಸಿಗಲಿಲ್ಲ. ಕೊನೆಯ ಬೆಂಚಿನ ತುದಿಯಲ್ಲಿ ಕೂತು, ಮೂರು ಗಂಟೆಗೆ ನೇರ ಮನೆಗೆ ಬರುವಳು. ಆ ಹೊತ್ತಿಗೆ ದರ್ಜಿ ಹೊಸ ಗಿರಾಕಿಗಳನ್ನು ಹುಡುಕಿಕೊಂಡು ಆಸ್ಪತ್ರೆಯ ಸಿಬ್ಬಂದಿಯ ಮನೆಮನೆಗೆ ಅಲೆಯುತ್ತಿರುತ್ತಿದ್ದ. ಅಜ್ಜಿ ಒಬ್ಬಳೇ ಇರುತ್ತಿದ್ದಳು. ಗುಬ್ಬಿ ಮಂಚದ ತುದಿಯಲ್ಲಿ ಕೂತು ಅವಳ ನಡಿಗೆ ನೋಡುವಳು. ಅಜ್ಜಿ ಆರನೇ ಹೆಜ್ಜೆಯಲ್ಲಿ, ಕುರ್ಚಿಯ ಮುಂದೆ, ಪ್ರತಿ ಸಲವೂ ಅರ್ಧ ಸುತ್ತು ಬಳಸಿ ಹೋಗುತ್ತಿದ್ದಳು.

“ಯಾಕಜ್ಜಿ ಹಾಗೆ ಬಳಸ್ತೀಯ? ಅಲ್ಲೇನೂ ಇಲ್ಲ, ನೇರ ಬಾ.”

“ಅವರ ಕಾಲು ತುಳಿಯೋದಾ?”

ಗುಬ್ಬಿ ಖಾಲಿ ಕುರ್ಚಿಯ ಕಡೆ ನೋಡಿದಳು. ಅಜ್ಜ ತೀರಿ ನಾಲ್ಕು ವರ್ಷವಾಗಿತ್ತು.

“ಅಜ್ಜಿ, ಅಜ್ಜ...”

“ಗೊತ್ತು ಕಣೇ, ಹೋದ್ರು. ಅಳು ಕೇಳಿದೀನಿ, ಹಣೆ ಮುಟ್ಟಿದೀನಿ, ತಣ್ಣಗಿತ್ತು. ಆದ್ರೆ ನಾನು ನೋಡ್ಲಿಲ್ಲ ಅಲ್ವಾ? ನನ್ನ ಕಣ್ಣು ಹೋಗೋವಾಗ ಅವರು ಈ ಕುರ್ಚೀಲಿ ಕಾಲು ಚಾಚ್ಕೊಂಡು ಕೂತಿದ್ರು. ಎದ್ದು ಹೋದದ್ದನ್ನ ನಾನು ನೋಡೇ ಇಲ್ಲ. ಅದಕ್ಕೇ ಕೂತೇ ಇದಾರೆ.” ಅಜ್ಜಿ ಕುರ್ಚಿಯ ಕೈ ಸವರಿದಳು. “ನಿಮ್ಮಪ್ಪ ದಿನಾ ಬಂದು ಹೇಳ್ತಾನೆ, ಈ ಮನೆ ಕಲ್ತ್ಕೊ ಅಂತ. ಇಲ್ಲಿ ಗೋಡೆ, ಇಲ್ಲಿ ಮೆಟ್ಟಿಲು ಅಂತ. ತಲೇಲಿ ಜಾಗ ಎಷ್ಟಿದೆ ಹೇಳು? ಇದನ್ನ ಒಳಗಿಟ್ರೆ ಅದು ಹೊರಗೆ ಹೋಗುತ್ತೆ. ಅದು ಹೋದ್ರೆ ಅವರನ್ನ ಎಲ್ಲಿ ಕೂರಿಸ್ಲಿ?”

ಆ ಮಧ್ಯಾಹ್ನದಿಂದ ಗುಬ್ಬಿ ಅಜ್ಜಿಯ ಜೊತೆ ಹಳೆಯ ಮನೆಗೆ ಹೋಗಿಬರತೊಡಗಿದಳು.

“ಕಿಟಕಿ ತೆಗಿ,” ಎನ್ನುವಳು ಅಜ್ಜಿ. ಗುಬ್ಬಿ ಬೆರಳಿಂದ ಗೋಡೆಯ ಮೇಲೆ ಚಿಲಕದ ಸದ್ದು ಮಾಡುವಳು. “ಎದುರು ಮನೆಯವಳು ಬಟ್ಟೆ ಹಾಕಿದಾಳೇನು?”

“ಹಾಕಿದಾಳೆ ಅಜ್ಜಿ. ಒಂದು ಹಸಿರು ಹೊದಿಕೆ. ಗಂಡನ ಬನಿಯನ್ನು. ಅದರಲ್ಲಿ ನಾಲ್ಕು ತೂತು.”

“ಅವಳ ಜಿಪುಣತನ ಇನ್ನೂ ಹೋಗಿಲ್ಲ ನೋಡು!” ಅಜ್ಜಿ ಬಾಯಿ ತುಂಬ ನಗುವಳು. ಗುಬ್ಬಿಯೂ ನಗುವಳು. ಅವಳಿಗೂ ಎದುರು ಮನೆ ಕಾಣುತ್ತಿತ್ತು. ಆ ಮನೆಯ ಮೆಟ್ಟಿಲ ಮೇಲೆ ತನ್ನ ಗೆಳತಿ ಕೂತು ಕಾಯುತ್ತಿರುವುದೂ ಕಾಣುತ್ತಿತ್ತು.

ಆಟ ಕೆಡುತ್ತಿದ್ದದ್ದು ಮೇಜಿನಿಂದ. ಹದಿನಾಲ್ಕರಲ್ಲಿ ಮಂಡಿ ತಗಲಿದ ಕೂಡಲೇ ಅಜ್ಜಿಯ ಮುಖ ಆರಿಹೋಗುತ್ತಿತ್ತು. ನಾಲ್ಕನೆಯ ವಾರ ಗುಬ್ಬಿ ಹೆಗಲು ಕೊಟ್ಟು ಮೇಜನ್ನು ಗೋಡೆಗೆ ಸರಿಸಿದಳು. ಅಜ್ಜಿಯ ಎರಡೂ ತೋಳು ಗಟ್ಟಿಯಾಗಿ ಹಿಡಿದು ಮೆಟ್ಟಿಲ ತುದಿಯಲ್ಲಿ ನಿಲ್ಲಿಸಿದಳು. ಕೆಳಗಿನ ಬೀದಿಬಾಗಿಲು ತೆರೆದಿತ್ತು. ಮೆಟ್ಟಿಲ ಕೊರಳಿನಿಂದ ಗಾಳಿ ಏರಿ ಬಂದು ಅಜ್ಜಿಯ ನರೆಗೂದಲನ್ನು ಹಾರಿಸಿತು.

“ಹಿತ್ತಿಲು,” ಎಂದಳು ಅಜ್ಜಿ. “ದೇವರು ದೊಡ್ಡವನು. ಆದ್ರೆ ನಲ್ಲಿ ಸದ್ದೇ ಇಲ್ವಲ್ಲೇ?”

ಮಾರನೆಯ ದಿನದಿಂದ ಬಾಲನೂ ಸೇರಿದ. ಮೆಟ್ಟಿಲ ಕೆಳಗೆ ಬಕೆಟ್ಟು ಇಟ್ಟುಕೊಂಡು ಚೊಂಬಿನಿಂದ ಸಣ್ಣಗೆ ನೀರು ಸುರಿಯುವುದು ಅವನ ಕೆಲಸ.

“ಅಕ್ಕಾ, ಇದು ಸರಿಯಿಲ್ಲ ಕಣೆ,” ಎಂದ ಮೂರನೆಯ ದಿನ. “ಅಪ್ಪನಿಗೆ ಗೊತ್ತಾದ್ರೆ ಚರ್ಮ ಸುಲೀತಾನೆ.”

“ಸುಲಿದ್ರೆ ಹೊಲಿದೂ ಕೊಡ್ತಾನೆ ಬಿಡು. ಅಜ್ಜಿ ಮುಖ ನೋಡಿದ್ಯಾ? ಇಲ್ಲಿಗೆ ಬಂದ್ಮೇಲೆ ಹಾಗೆ ನಕ್ಕಿದ್ದು ನೋಡಿದ್ಯಾ?”

“ನೋಡಿದೆ. ಅದಕ್ಕೇ ಹೆದರಿಕೆ,” ಎಂದ ಬಾಲ. “ಅವಳು ನಂಗೆ ‘ನೀರು ಸಾಕು, ನಲ್ಲಿ ನಿಲ್ಲಿಸಿ’ ಅಂತಾಳೆ. ಯಾರಿಗೆ ಹೇಳ್ತಿದಾಳೆ ಅಕ್ಕಾ? ನಂಗೆ ಬಹುವಚನ ಯಾವತ್ತು ಹಾಕಿದಾಳೆ?”

ದಿನವೂ ಆಟ ಮುಗಿದ ಮೇಲೆ ಇಬ್ಬರೂ ಸೇರಿ ಮೇಜನ್ನು ಮತ್ತೆ ಅಡ್ಡಕ್ಕೆ ಎಳೆದು, ಒದ್ದೆ ನೆಲ ಒರೆಸಿ, ಏನೂ ಆಗದವರ ಹಾಗೆ ಪುಸ್ತಕ ಬಿಚ್ಚಿಕೊಳ್ಳುತ್ತಿದ್ದರು.

ಆರನೆಯ ವಾರದ ಒಂದು ಮಧ್ಯಾಹ್ನ. ಮೇಜು ಗೋಡೆಗೆ ಸರಿದಿತ್ತು. ಅಜ್ಜಿ ಇನ್ನೂ ಮಂಚದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಬೀದಿಯಿಂದ ಯಾರೋ ಕೂಗಿದರು: “ಏ ಹೊಸ ಹುಡುಗೀ! ಬರ್ತೀಯಾ? ಪುಸ್ತಕದಂಗಡಿಗೆ ಹೋಗ್ತಿದೀವಿ!”

ಆರು ವಾರದಲ್ಲಿ ಆ ಊರಿನಲ್ಲಿ ಅವಳನ್ನು ಕೂಗಿ ಕರೆದ ಮೊದಲ ದನಿ ಅದು. ಗುಬ್ಬಿ ಚಪ್ಪಲಿಯ ಬಾರು ಹಾಕಿಕೊಳ್ಳದೆ ಇಳಿದು ಓಡಿದಳು. ಕೆಳಗೆ ಬಕೆಟ್ಟು ಹಿಡಿದಿದ್ದ ಬಾಲನಿಗೆ, “ಮೇಜು ಎಳೆದುಬಿಡು, ಈಗ ಬಂದೆ,” ಎಂದಳು. ಬಾಲನ ಚೊಂಬು ಬಕೆಟ್ಟಿಗೆ ನೀರು ಸುರಿಯುತ್ತಿತ್ತು. ಅವನಿಗೆ ಕೇಳಿಸಿದ್ದು ‘ಈಗ ಬಂದೆ’ ಅಷ್ಟೇ.

ಅವನು ತಲೆ ಎತ್ತಿದಾಗ ಅಜ್ಜಿ ಮೆಟ್ಟಿಲ ತುದಿಯಲ್ಲಿ ಒಬ್ಬಳೇ ನಿಂತಿದ್ದಳು. ಯಾರನ್ನೋ ಹಿಂದಿನಿಂದ ಕರೆಯುವಂತೆ ಒಂದು ಕೈ ಮುಂದೆ ಚಾಚಿದ್ದಳು. “ನಿಲ್ಲಿ,” ಎಂದಳು. ಬಾಲ ಬಕೆಟ್ಟು ಎಸೆದು ಎರಡೆರಡು ಮೆಟ್ಟಿಲು ಹಾರಿ ಏರಿದ. ಅಜ್ಜಿ ನಾಲ್ಕು ಮೆಟ್ಟಿಲು ಉರುಳಿ ಅವನ ಎದೆಯ ಮೇಲೆ ಬಂದು ಬಿದ್ದಳು. ಮಣಿಕಟ್ಟಿನ ಎಲುಬು ಮುರಿದಿತ್ತು. ಜೀವ ಉಳಿದದ್ದು ಭಗವಂತನ ದಯೆ, ಆ ಹುಡುಗನ ಎದೆಯ ಗಟ್ಟಿತನ.

ಅಜ್ಜಿಯನ್ನು ಆಸ್ಪತ್ರೆಗೆ ಕರೆತಂದಾಗ ಸೊಸೆ ಬಟ್ಟೆ ವಿಭಾಗದಿಂದ ಏಪ್ರನ್ನಿನಲ್ಲೇ ಓಡಿ ಬಂದಳು. ಅತ್ತೆಯ ಕೈಗೆ ಪಟ್ಟಿ ಹಾಕುವಾಗ ಹಾಸಿದ ಹೊದಿಕೆ ಬೆಳಿಗ್ಗೆ ತಾನೇ ಮಡಿಸಿ ಕಳಿಸಿದ್ದು ಎಂದು ಅದರ ಅಂಚಿನ ಗುರುತಿನಿಂದ ಅವಳಿಗೆ ತಿಳಿಯಿತು. ಅದರ ಮೂಲೆಯನ್ನು ಹಿಡಿದುಕೊಂಡೇ ನಿಂತಿದ್ದಳು.

ಸಂಜೆ ಊಟಕ್ಕೆ ಕೂತಾಗ ಗಂಜಿ ತಳ ಹಿಡಿದಿತ್ತು. ಅಜ್ಜಿ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು.

“ಆ ಮೇಜು ಎರಡಾಳು ಭಾರ,” ಎಂದ ದರ್ಜಿ. “ತಾನಾಗಿ ನಡ್ಕೊಂಡು ಹೋಯ್ತಾ?”

ಗುಬ್ಬಿ ಚಮಚ ಕೆಳಗಿಟ್ಟಳು. “ನಾನು ಸರಿಸಿದ್ದು. ದಿನಾ ಸರಿಸ್ತಿದ್ದೆ. ಎರಡು ವಾರದಿಂದ.”

“ಯಾಕೆ?”

“ಅಜ್ಜಿಗೆ ಹಿತ್ತಿಲು ಬೇಕಿತ್ತು.”

ಸೊಸೆಯ ಕೈ ಮೇಲೆದ್ದಿತು. ಎದ್ದ ಕೈ ಮಗಳ ಕೆನ್ನೆಯ ತನಕ ಹೋಗಿ, ಊಟದ ಮೇಜಿನ ಮೇಲೆ ಬಿತ್ತು. “ನೀನು ಅಂದ್ಕೊಂಡಿದ್ದು ಏನೇ? ಇದು ಗೊಂಬೆಯಾಟನಾ?”

“ಶುರು ಮಾಡಿದ್ದು ಅಪ್ಪ!” ಗುಬ್ಬಿ ಕಿರುಚಿದಳು. “ಇಡೀ ಮನೇನ ಹಳೇ ಮನೆ ಮಾಡಿಟ್ಟಿದ್ದು ಯಾರು? ನೀವೆಲ್ಲ ಮಾಡಿದ್ರೆ ಉಪಾಯ, ನಾನು ಮಾಡಿದ್ರೆ ಆಟ! ಅಮ್ಮ, ನೀನು ನಮ್ಮನ್ನ ಇಲ್ಲಿಗೆ ಎಳ್ಕೊಂಡು ಬಂದಿದ್ದೇ ತಪ್ಪು!”

ಸೊಸೆ ಗಂಜಿಯ ಬಟ್ಟಲನ್ನು ಆಚೆ ಸರಿಸಿದಳು.

“ಆಯ್ತು,” ಎಂದಳು. “ಕೆಲಸ ಬಿಡ್ತೀನಿ ಅಂತ ಸೋಮವಾರ ಬರೆದುಕೊಟ್ಟು ಬರ್ತೀನಿ. ಆ ನಲವತ್ತು ಜನರೂ ಕುಣಿದಾಡ್ತಾರೆ. ಎಲ್ಲರೂ ವಾಪಸ್ ಹೋಗೋಣ.”

“ಎಲ್ಲಿಗೆ ಹೋಗ್ತೀಯ?” ದರ್ಜಿ ಕೇಳಿದ. “ಅಲ್ಲಿ ಬೇರೆಯವರು ಬಂದಾಗಿದೆ. ಹಿತ್ತಿಲು ಮುಚ್ಚಿ ಕೋಣೆ ಕಟ್ಟಿಸ್ತಿದಾರಂತೆ.”

ಮಂಚದ ಮೇಲಿಂದ ದನಿ ಬಂತು. “ಜಗಳ ಆಡೋರು ಸ್ವಲ್ಪ ಜೋರಾಗಿ ಆಡಿ. ಕಣ್ಣಿಲ್ಲದೋಳಿಗೆ ಕಿವೀನಾದ್ರೂ ತುಂಬಲಿ.”

ಎಲ್ಲರೂ ತಿರುಗಿದರು. ಅಜ್ಜಿ ಪಟ್ಟಿ ಹಾಕಿದ ಕೈಯನ್ನು ಎದೆಗೊತ್ತಿಕೊಂಡು ಎದ್ದು ಕೂತಿದ್ದಳು.

“ಹುಡುಗೀನ ಯಾಕೆ ಬೈತೀರಿ? ಅದು ಹಿತ್ತಿಲಲ್ಲ ಅಂತ ನಂಗೆ ಗೊತ್ತಿರ್ಲಿಲ್ವಾ? ಅಲ್ಲಿ ನೆಲ ನುಣುಪು. ಇಲ್ಲಿ ನೆಲಕ್ಕೆ ಹಾಸಿದ ಬಿಲ್ಲೆಗಳ ಸಂದು ಹೆಜ್ಜೆಗೊಂದು ತಗಲುತ್ತೆ. ಕಾಲಿಗೂ ಕಣ್ಣಿರುತ್ತಪ್ಪ.”

“ಮತ್ತೆ ಯಾಕಮ್ಮ ಒಬ್ಬಳೇ ಹೋದೆ?” ಎಂದ ದರ್ಜಿ.

ಅಜ್ಜಿ ಮುಖವನ್ನು ಬೆತ್ತದ ಕುರ್ಚಿಯ ಕಡೆಗೆ ತಿರುಗಿಸಿದಳು.

“ಅವರು ಎದ್ರು,” ಎಂದಳು. “ತಲೆ ಬಾಚ್ತಿದ್ದೆ. ಕುರ್ಚಿ ಕಿರ್ ಅಂತು. ಒಂಬತ್ತು ವರ್ಷ ಕೂತಿದ್ದೋರು ಎದ್ದು, ಕಾಲು ಎಳ್ಕೊಂಡು, ಹಿತ್ತಿಲ ಕಡೆ ಹೋದ್ರು. ತಿರುಗಿ ನೋಡ್ಲಿಲ್ಲ. ನಿಲ್ಲಿ ಅಂದೆ, ನಿಲ್ಲಲಿಲ್ಲ. ಅಲ್ಲಿ ಹಿತ್ತಿಲಿಲ್ಲ ಅಂತ ನಂಗೆ ಗೊತ್ತು. ಅವರಿಗೆ ಹೇಳೋರು ಯಾರು? ಅದಕ್ಕೇ ಹೋದೆ.”

ಬಾಲ ಅಕ್ಕನ ತೋಳು ಹಿಡಿದುಕೊಂಡ. ಯಾರಿಗೂ ಆ ಕುರ್ಚಿಯ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

“ನಾಳೆ ಈ ಮನೇನ ಬಿಚ್ಚಿಬಿಡೋ ಮಗನೇ,” ಎಂದಳು ಅಜ್ಜಿ. “ಮೈ ಒಂದು, ಅಂಗಿ ಒಂದು ಆಗಿದೆ. ಇಲ್ಲಿಗೆ ಹೇಗೆ ಬೇಕೋ ಹಾಗೆ ಹೊಲಿ.”

ಮಾರನೆಯ ಬೆಳಿಗ್ಗೆ ದರ್ಜಿ ಸಾಮಾನು ಎಳೆದಾಡಿದ. ಮಂಚ ನಿಜವಾದ ಕಿಟಕಿಯ ಕೆಳಗೆ ಹೋಯಿತು. ಉಪ್ಪು ಬೇರೆ ಗೂಡಿಗೆ ಹೋಯಿತು. ಮೆಟ್ಟಿಲ ತುದಿಗೆ ಬಡಗಿಯನ್ನು ಕರೆಸಿ, ಒಳಗಿಂದ ಚಿಲಕವಿರುವ ಗಿಡ್ಡ ಬಾಗಿಲು ಕೂರಿಸಿದ. ಬೆತ್ತದ ಕುರ್ಚಿಯನ್ನು ಏನು ಮಾಡುವುದೆಂದು ಅವನು ಕೇಳಿದಾಗ ಅಜ್ಜಿ, “ಗಿರಾಕಿ ಬಂದ್ರೆ ಕೂರೋಕೆ ಬೇಡ್ವಾ?” ಎಂದಳು. ಹಾಗೆನ್ನುವಾಗ ಅವಳ ಮುಖ ಗೋಡೆಯ ಕಡೆಗಿತ್ತು.

ಕಲಿಸುವ ಕೆಲಸ ಗುಬ್ಬಿಯದಾಯಿತು. ಐದು ಹೆಜ್ಜೆಗೆ ನೀರಿನ ಗಡಿಗೆ, ಎಂಟಕ್ಕೆ ಎಡಕ್ಕೆ ಬಚ್ಚಲು, ಹನ್ನೊಂದಕ್ಕೆ ಒಲೆ. ಅಜ್ಜಿ ಪಾಠ ಒಪ್ಪಿಸುವ ಮಗುವಿನಂತೆ ತುಟಿಯಲ್ಲೇ ಎಣಿಸುತ್ತ ನಡೆಯುವಳು. ತಪ್ಪಿದರೆ ಮಂಚಕ್ಕೆ ಹಿಂದಿರುಗಿ ಮೊದಲಿಂದ ಶುರು. ನಡುವೆ ಒಮ್ಮೊಮ್ಮೆ ನಿಂತು, ಯಾವುದೋ ಹೆಸರು ಮರೆತವಳಂತೆ ಹುಬ್ಬು ಗಂಟಿಕ್ಕುವಳು.

“ಎದುರು ಮನೆಯವಳ ಹೊದಿಕೆ ಯಾವ ಬಣ್ಣ ಅಂದಿದ್ದೆ?” ಎಂದು ಎರಡನೆಯ ದಿನ ಕೇಳಿದಳು.

“ಹಸಿರು ಅಜ್ಜಿ.”

“ಹಸಿರು ಹೇಗಿರುತ್ತೆ ಅಂತ ನೆನಪಿದೆ. ಅವಳ ಮುಖ ಬರ್ತಿಲ್ಲ.” ಮತ್ತೆ ಎಣಿಸತೊಡಗಿದಳು.

ಸೋಮವಾರ ಸೊಸೆ ಕಾಗದ ಬರೆದು ಚೀಲದಲ್ಲಿಟ್ಟುಕೊಂಡು ಹೋದಳು. ಅಂದು ಸಂಜೆ ಅವಳು ಬೀದಿಯ ತಿರುವಿಗೆ ಬಂದಾಗ ತಮ್ಮ ಮನೆಯ ಬೀದಿಬಾಗಿಲಲ್ಲಿ ಮೂವರು ನಿಂತಿದ್ದರು: ಗುಬ್ಬಿ, ಬಾಲ, ನಡುವೆ ಅತ್ತೆ. ಈ ಊರಿಗೆ ಬಂದ ಮೇಲೆ ಅತ್ತೆ ತಾನಾಗಿ ಬೀದಿಗೆ ಇಳಿದಿದ್ದು ಅದೇ ಮೊದಲು. ಗಾಡಿಗಳ ಸದ್ದಿಗೆ ತಲೆಯನ್ನು ಆಚೆ ಈಚೆ ತಿರುಗಿಸುತ್ತಿದ್ದಳು.

“ಯಾರು ಬಂದಿದ್ದು?” ಎಂದಳು.

“ನಾನತ್ತೆ.”

“ಕಲ್ಲಿನ ಮೇಲೆ ನಿನ್ನ ನಡಿಗೆ ಬೇರೆ ಥರ ಕೇಳುತ್ತೆ. ಗುರುತೇ ಸಿಗಲಿಲ್ಲ.” ಒಂದು ಗಾಡಿ ಹೋಗುವ ತನಕ ತಡೆದು ಕೇಳಿದಳು: “ಕೊಟ್ಟು ಬಂದ್ಯಾ?”

ಸೊಸೆ ಚೀಲದ ಮೇಲೆ ಕೈಯಿಟ್ಟಳು. “ಮೂರು ಸಲ ಬಾಗಿಲ ತನಕ ಹೋದೆ. ಇಲ್ಲ.”

“ಹಾಗಾದ್ರೆ ಅದನ್ನ ಒಲೆಗೆ ಹಾಕು. ಬಾ, ಗಂಜಿ ತಣ್ಣಗಾಗುತ್ತೆ. ಹತ್ತೊಂಬತ್ತು ಮೆಟ್ಟಿಲು. ಏಳನೇದು ಒಂದು ಬದಿ ಸವೆದಿದೆ, ನೋಡ್ಕೊಂಡು ಕಾಲಿಡು.”

ಆರು ವಾರ ದಿನಕ್ಕೆರಡು ಬಾರಿ ಹತ್ತಿ ಇಳಿದಿದ್ದ ಸೊಸೆಗೆ ಅದು ಗೊತ್ತಿರಲಿಲ್ಲ. ಅವಳು ಏಳನೆಯ ಮೆಟ್ಟಿಲಲ್ಲಿ ಬಗ್ಗಿ ನೋಡಿದಳು. ನಿಜವಾಗಿ ಸವೆದಿತ್ತು.

ಅಜ್ಜಿ ಒಳ್ಳೆಯ ಕೈಯಿಂದ ಕಂಬಿ ಹಿಡಿದು ಮುಂದೆ ಏರುತ್ತಿದ್ದಳು. ಗುಬ್ಬಿ ಒಂದು ಮೆಟ್ಟಿಲು ಕೆಳಗೆ, ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡು ಬರುತ್ತಿದ್ದಳು. ಮೂರು ದಿನದಿಂದ ಗಂಟಲಲ್ಲಿದ್ದದ್ದು ಅವಳ ಬಾಯಿಂದ ಹೊರಬಿತ್ತು.

“ಅಜ್ಜಿ... ಅಜ್ಜ ಈಗ ಎಲ್ಲಿದಾರೆ?”

ಅಜ್ಜಿ ನಿಂತಳು. ಅವಳ ಹಿಂದೆ ಎಲ್ಲರೂ ನಿಂತರು. ಕಂಬಿಯ ಮೇಲಿನ ಬೆರಳುಗಳು ಒಮ್ಮೆ ಬಿಚ್ಚಿ, ಗಾಳಿಯಲ್ಲಿ ಏನನ್ನೋ ತಡಕಾಡಿ, ಮತ್ತೆ ಕಂಬಿಗೆ ಬಂದು ಕೂತವು.

“ಮಾತಾಡಿಸ್ಬೇಡ ಮಗಾ,” ಎಂದಳು. “ಲೆಕ್ಕ ತಪ್ಪುತ್ತೆ.”

ತುಸು ತಡೆದು, “ಹನ್ನೆರಡು,” ಎಂದು ಕಾಲೆತ್ತಿ ಇಟ್ಟಳು.